ಕೊಡೆಯ ಹಾಡಿಗೆ ಕನ್ನಡ ಇಲ್ಲವಂತೆ

ಸಿಟ್ಟು ಬಂದರೆ ನನಗೆ ಹಸಿವಾಗುತ್ತದೆ. ಬೇರೆಯವರಿಗೆ ಹಸಿವಾದರೆ ಸಿಟ್ಟು ಬರುವುದಂತೆ, ನನ್ನದು ಉಲ್ಟಾ. ಆದರೆ ಆ ಶನಿವಾರ ನಾನು ಬರೀ ಹಸಿವಾಗಿಯೇ ಫ್ರಿಜ್ಜಿನ ಹತ್ತಿರ ಹೋದದ್ದು. ಸಿಟ್ಟು ಅದರ ಬಾಗಿಲಿಗೇ ಅಂಟಿಕೊಂಡಿತ್ತು. ಒಂದು ಹಾಳೆ, ಸ್ಕೆಚ್ ಪೆನ್ನಿನಲ್ಲಿ ಎಳೆದ ಗೆರೆ, ಎಡಗಡೆ ಮಕ್ಕಳ ಹೆಸರು, ಬಲಗಡೆ ಭಾಷೆಗಳ ಹೆಸರು. ಕೊನೆಯ ಸಾಲು: ಮೈತ್ರಿ, ತೆಲುಗು.

ಮೈತ್ರಿ ನನ್ನ ಮಗಳು, ಹತ್ತು ವರ್ಷ. ನಮ್ಮ ವಂಶದಲ್ಲಿ ತೆಲುಗು ಗೊತ್ತಿದ್ದವರು ಯಾರೂ ಇಲ್ಲ. ತಿರುಪತಿಗೆ ಹೋಗಿ ಬಂದ ದೊಡ್ಡಪ್ಪನೊಬ್ಬರನ್ನು ಬಿಟ್ಟರೆ ಆ ಕಡೆಯ ನೀರು ಕುಡಿದವರೂ ಇಲ್ಲ.

"ಇದೆಂತದು ಈ ಪಟ್ಟಿ?" ಎಂದು ಕೂಗಿದೆ.

ಒಳಗಿಂದ ಕಿಸಕ್ಕನೆ ನಗು. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ಸಾಮಾನಿನ ಪಟ್ಟಿ, ಮತದಾರರ ಪಟ್ಟಿ, ನಾನು ಯಾವುದರ ಬಗ್ಗೆ ಎಷ್ಟು ಗಂಭೀರವಾಗಿ ಮಾತಾಡಿದರೂ ಈ ಮಗುವಿಗೆ ಕಾಣುವುದು ಬಾಲ ಅಲ್ಲಾಡಿಸುವುದೇ. ಸಿಟ್ಟಿಗೆ ಮರ್ಯಾದೆಯೇ ಇಲ್ಲದ ಮನೆ ನಮ್ಮದು.

ವಿಷಯ ಇಷ್ಟು. ಎರ್ನಾಕುಲಂ ಹತ್ತಿರದ ಕಾಕ್ಕನಾಡಿನ ನಮ್ಮ ಫ್ಲ್ಯಾಟಿನ ವಾರ್ಷಿಕೋತ್ಸವಕ್ಕೆ ಮಕ್ಕಳೆಲ್ಲ ಸೇರಿ ಒಂದು ಜಪಾನಿ ಕಾರ್ಟೂನಿನ ಹಾಡು ಹಾಡುವುದೆಂದು ಆಗಿದೆ. ಕಾರ್ಟೂನು ಅನ್ನಬಾರದಂತೆ, ಅನಿಮೆ ಅನ್ನಬೇಕಂತೆ. ಮೈತ್ರಿ ಇದನ್ನು ನನಗೆ ತಿದ್ದಿ ತಿದ್ದಿ ಸುಸ್ತಾಗಿದ್ದಾಳೆ. ಅದರಲ್ಲಿ ಒಬ್ಬಳು ಹುಡುಗಿ, ಅವಳ ಹತ್ತಿರ ಒಂದು ಒಕ್ಕಣ್ಣಿನ ಕೊಡೆ. ಮಳೆ ಬಂದ ಕೂಡಲೇ ಇಬ್ಬರೂ ಎಲ್ಲಿಗೋ ಹೊರಡುತ್ತಾರೆ. ಅಷ್ಟೇ ಕಥೆ, ಮುಗಿಯದಷ್ಟು ಕಂತು. ಸುರುವಿಗೆ ಬರುವ ಹಾಡು ಹಿಂದಿಯಲ್ಲಿ ಉಂಟು, ತಮಿಳಿನಲ್ಲಿ ಉಂಟು, ತೆಲುಗಿನಲ್ಲಿ ಉಂಟು, ಮಲಯಾಳದಲ್ಲಿ ಉಂಟು. ಅರಬ್ಬಿಯಲ್ಲಿ, ಸ್ಪ್ಯಾನಿಷಿನಲ್ಲಿ, ಅಷ್ಟೇಕೆ, ಫಿನ್‌ಲ್ಯಾಂಡಿನವರ ಭಾಷೆಯಲ್ಲೂ ಉಂಟು. ಆ ಫಿನ್‌ಲ್ಯಾಂಡಿನಲ್ಲಿ ಎಷ್ಟು ಜನ ಇದ್ದಾರೆ ಮಾರಾಯ್ರೆ? ಬೆಂಗಳೂರಿನ ಅರ್ಧ ಆಗಲಿಕ್ಕಿಲ್ಲ! ಮಕ್ಕಳು ಫೋನಿನಲ್ಲಿ ಇವನ್ನೆಲ್ಲ ಒಂದರ ಹಿಂದೊಂದು ಹಾಕಿ ಕೇಳಿ, ಯಾವ ಭಾಷೆಯದ್ದು ಚಂದ ಅಂತ ಜಗಳಾಡಿ, ಕೊನೆಗೆ ಒಂದೊಂದು ಮಗು ಒಂದೊಂದು ಭಾಷೆಯಲ್ಲಿ ಹಾಡುವುದೆಂದು ತೀರ್ಮಾನ ಮಾಡಿದ್ದಾರೆ.

ಇದರ ಯಜಮಾನಿ ಆರನೇ ಮಹಡಿಯ ನಿಮ್ಮಿ, ಒಂಬತ್ತನೇ ಕ್ಲಾಸು. ಮೈತ್ರಿಗೆ ನಿಮ್ಮಿ ಚೇಚಿ, ಅಂದರೆ ನಿಮ್ಮಿಯಕ್ಕ, ಹೇಳಿದ್ದೇ ವೇದ. ನಾನು ಅವಳನ್ನು ಲಿಫ್ಟಿನಲ್ಲಿ ಹಿಡಿದೆ. ಮೈತ್ರಿಗೆ ಕನ್ನಡ ಅಲ್ಲವಾ ಕೊಡಬೇಕಾದ್ದು ಎಂದು ನನ್ನ ಮಲಯಾಳದಲ್ಲಿ ಕೇಳಿದೆ.

"ಕನ್ನಡಯಿಲ್ ಇಲ್ಲಲ್ಲೋ ಅಂಕಿಳೇ," ಎಂದಳು ಬಹಳ ಪ್ರೀತಿಯಿಂದ. ಕನ್ನಡದಲ್ಲಿ ಇಲ್ಲವಲ್ಲ! "ತೆಲುಗುಂ ಕನ್ನಡಯುಂ ಒರುಪೋಲೆ ಅಲ್ಲೇ? ಅಕ್ಷರಂ ಕಂಡಾಲ್ ಒನ್ನು ತನ್ನೆ."

ಅಕ್ಷರ ನೋಡಿದರೆ ಎರಡೂ ಒಂದೇ ಅಂತೆ. ಹಾಗಾದರೆ ಇಂಗ್ಲಿಷಿಗೂ ಸ್ಪ್ಯಾನಿಷಿಗೂ ಅಕ್ಷರ ಒಂದೇ ಅಲ್ಲವಾ, ಅವೆರಡಕ್ಕೂ ಒಂದೇ ಮಗು ಸಾಕಲ್ಲ ಎಂದು ಕೇಳಬೇಕಿತ್ತು. ಅದು ಹೊಳೆಯುವಷ್ಟರಲ್ಲಿ ಅವಳು ಇಳಿದು ಹೋಗಿ ಬಾಗಿಲು ಮುಚ್ಚಿತ್ತು. ನನಗೆ ಒಳ್ಳೆಯ ಉತ್ತರ ಹೊಳೆಯುವುದು ಯಾವಾಗಲೂ ಬಾಗಿಲು ಮುಚ್ಚಿದ ಮೇಲೆ.

ಈ ಸಿಟ್ಟು ಇವತ್ತಿನದ್ದಲ್ಲ. ನಾನು ಕಾಸರಗೋಡಿನವ, ಹೊಟ್ಟೆಪಾಡಿಗೆ ಕನ್ನಡ ಅನುವಾದಕ. ಸರಕಾರದ ಸಂಬಳ. ಮೊದಲು ಹನ್ನೊಂದು ವರ್ಷ ತಿರುವನಂತಪುರ, ಈಗ ಎರ್ನಾಕುಲಂ. ಕಾಸರಗೋಡಿನ ಕನ್ನಡಿಗರಿಗೆಂದು ಅರ್ಜಿ, ಪ್ರಕಟಣೆ, ಕಾಯ್ದೆ, ಕಾಯ್ದೆಗೆ ತಿದ್ದುಪಡಿ ಎಲ್ಲ ಕನ್ನಡಕ್ಕೆ ಬರಬೇಕು. ಕೋಳಿಜ್ವರವನ್ನು ಕನ್ನಡಕ್ಕೆ ತಂದವ ನಾನೇ. ಕೊಳವೆಬಾವಿ ಕೊರೆಯುವ ನಿಯಮಗಳನ್ನೂ ನಾನೇ. ಅವನ್ನು ಓದಿದವರು ಮೂರು ಜನ: ನಾನು, ನನ್ನ ಮೇಲಿನವರು, ಕರಡು ತಿದ್ದಿದವರು. ಮೂರನೆಯವರ ಬಗ್ಗೆ ನನಗೆ ಸಂಶಯ ಉಂಟು. ಯಾರೂ ಓದದ್ದೆಲ್ಲ ಕನ್ನಡದಲ್ಲಿ ಉಂಟು, ಮಕ್ಕಳೆಲ್ಲ ಹಾಡುವ ಒಂದೇ ಒಂದು ಹಾಡು ಇಲ್ಲ! ಇದು ಯಾವ ಊರಿನ ನ್ಯಾಯ?

ಇನ್ನೊಂದು ಸಂಕಟ ಹೇಳಿಬಿಡುತ್ತೇನೆ. ಮೈತ್ರಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ. ಬೈದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಬಾಯಿ ಬಿಟ್ಟರೆ ಮಲಯಾಳ. "ಊಟ ಆಯ್ತಾ ಮಗಾ?" ಅಂದರೆ "ಕಳಿಚ್ಚು." "ನೀರು ಬೇಕಾ?" ಅಂದರೆ "ವೇಂಡ." ಇಷ್ಟು ವರ್ಷ ನಾನು ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಉತ್ತರ ಪಡೆದಿದ್ದೇನೆ. ಹೆಂಡತಿ ಸುಮ, "ಬಿಡಿ, ದೊಡ್ಡವಳಾದ ಮೇಲೆ ತನ್ನಿಂತಾನೇ ಬರ್ತದೆ" ಅನ್ನುತ್ತಾಳೆ. ತನ್ನಿಂತಾನೇ ಬರಲಿಕ್ಕೆ ಕನ್ನಡ ಏನು ಮೀಸೆಯಾ? ನನಗೆ ಹೆದರಿಕೆ ಆಗುತ್ತದೆ. ನನ್ನ ಮಗಳು ನನ್ನ ಹತ್ತಿರ ನನ್ನ ಭಾಷೆಯಲ್ಲಿ ಒಂದು ಮಾತು ಆಡದೆಯೇ ದೊಡ್ಡವಳಾಗಿಬಿಡುತ್ತಾಳೆ ಎಂಬ ಹೆದರಿಕೆ. ಆ ಹಾಡು ನನಗೆ ಬೇಕಾಗಿದ್ದದ್ದು ಅದಕ್ಕೆ. ವೇದಿಕೆಯ ಮೇಲೆ, ನಾಲ್ಕು ಜನರ ಎದುರು, ಅವಳ ಬಾಯಿಯಿಂದ ಒಂದೇ ಒಂದು ಸಾಲು.

ಜಪಾನಿ ಕಾರ್ಟೂನು ನನ್ನ ಬಾಲ್ಯದಲ್ಲೂ ಇತ್ತು. ಅದು ಜಪಾನಿನದ್ದು ಅಂತ ಗೊತ್ತಿರಲಿಲ್ಲ ಅಷ್ಟೇ. ಬದಿಯಡ್ಕದ ಹತ್ತಿರ ನಮ್ಮ ಊರಿನಲ್ಲಿ ಟಿ.ವಿ. ಇದ್ದದ್ದು ಪೋಸ್ಟ್‌ಮಾಸ್ಟ್ರ ಮನೆಯಲ್ಲಿ. ಭಾನುವಾರ ಬೆಳಿಗ್ಗೆ ಅವರ ಚಾವಡಿ ತುಂಬ ಮಕ್ಕಳು. ಪೋಸ್ಟ್‌ಮಾಸ್ಟ್ರು ಪಂಚೆ ಎತ್ತಿ ಕಟ್ಟಿ ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವರು, ನಾವು ಕೆಳಗಿನಿಂದ "ಬಂತು! ಹೋಯ್ತು! ಬಂತು!" ಎಂದು ಕೂಗುವುದು. ಹಾಡು ಹಿಂದಿ. ಹಿಂದಿ ಯಾರಿಗೂ ಬಾರದು. ಕಿವಿಗೆ ಬಿದ್ದ ಹಾಗೆ ಹಾಡುವುದು. ಒಂದು ಕಡೆ ನನಗೆ "ಹಪ್ಪಳ ಸುಟ್ಟು" ಅಂತ ಕೇಳುತ್ತಿತ್ತು, ಪಕ್ಕದ ಮನೆಯ ಅಬ್ದುಲ್ಲನಿಗೆ "ಅಬ್ಬಬ್ಬ ಸುಸ್ತು". ಯಾವುದು ಸರಿ ಅಂತ ನಾವಿಬ್ಬರು ಅಂಗಳದಲ್ಲಿ ಬಿದ್ದು ಹೊರಳಾಡಿ ಹೊಡೆದಾಡಿದ್ದೂ ಉಂಟು. ಪೋಸ್ಟ್‌ಮಾಸ್ಟ್ರ ತಾಯಿ ಮಾತ್ರ ಆ ಚಿತ್ರದ ಮಕ್ಕಳನ್ನೇ ದಿಟ್ಟಿಸಿ ನೋಡಿ, "ಈ ಹಿಂದಿಯವರ ಕಣ್ಣು ಎಷ್ಟು ದೊಡ್ಡ, ಅಲ್ವಾ?" ಅನ್ನುತ್ತಿದ್ದರು. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ.

ಅರ್ಥವಾಗದ ಹಾಡು ಹಾಡಿಕೊಂಡು ಬೆಳೆದ ನಮಗೆ ಏನೂ ಕೊರತೆ ಕಾಣಲಿಲ್ಲ. ಯಾಕೆಂದರೆ ಚಾವಡಿಯಿಂದ ಇಳಿದರೆ ಅಂಗಳ, ದಾರಿ, ಶಾಲೆ, ಅಂಗಡಿ, ಬೈಗುಳ ಎಲ್ಲ ನಮ್ಮ ಭಾಷೆಯಲ್ಲೇ ಇತ್ತು. ಮೈತ್ರಿಗೆ ಬಾಗಿಲು ದಾಟಿದರೆ ಎಲ್ಲವೂ ಮಲಯಾಳ. ಅವಳ ಇಡೀ ಕನ್ನಡನಾಡು ಅಂದರೆ ನಾನು ಮತ್ತು ಸುಮ, ಎರಡು ಬೆಡ್‌ರೂಮು, ಒಂದು ಹಾಲ್.

"ಕನ್ನಡದಲ್ಲಿ ಯಾಕೆ ಮಾಡಲಿಲ್ಲ ಅಂತ ಆ ಕಂಪೆನಿಯವರಿಗೆ ಬರೀತೇನೆ," ಎಂದೆ ಸುಮನಿಗೆ. "ಬಿಡುವುದಿಲ್ಲ!"

ಸುಮ ಸೊಪ್ಪು ಹೆಚ್ಚುತ್ತಿದ್ದವಳು ತಲೆ ಎತ್ತದೆ, "ತಿರುವನಂತಪುರದಲ್ಲಿ ನೀವು ಭಾಷಣ ಮಾಡಿದ್ದು ನೆನಪುಂಟಾ?" ಎಂದಳು.

ಹೆಂಡತಿಯರಿಗೆ ಇಂಥದ್ದೆಲ್ಲ ಯಾಕೆ ನೆನಪಿರುತ್ತದೋ. ಅಲ್ಲಿ ನಾವು ಕೆಲವು ಕನ್ನಡಿಗರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಆಗ ಡಬ್ಬಿಂಗ್ ಬೇಕೋ ಬೇಡವೋ ಎಂಬ ಜಗಳ ಕನ್ನಡದಲ್ಲಿ ಜೋರಾಗಿತ್ತು. ನಾನು ಎದ್ದು ನಿಂತು, "ಡಬ್ಬಿಂಗ್ ಅಂದರೆ ಎಂಜಲು. ಕನ್ನಡದ ಮಕ್ಕಳು ಎಂಜಲು ಉಣ್ಣಬೇಕಾಗಿಲ್ಲ!" ಎಂದು ಗುಡುಗಿದ್ದೆ. ಚಪ್ಪಾಳೆ ಬಿತ್ತು. ಮನೆಯವರು ಖುಷಿಯಾಗಿ ನನ್ನ ತಟ್ಟೆಗೆ ಇನ್ನೆರಡು ಪಳಂಪೊರಿ, ಬಾಳೆಹಣ್ಣಿನ ಪೋಡಿ, ಹಾಕಿದ್ದರು. ಆಗ ನನಗೆ ಮಕ್ಕಳು ಇರಲಿಲ್ಲ, ಕನ್ನಡದ ಮಕ್ಕಳು ಏನು ಉಣ್ಣಬೇಕು ಅಂತ ಮಾತ್ರ ಗೊತ್ತಿತ್ತು. ಆ ಕಂಪೆನಿಗೆ ನಾನು ಕಾಗದ ಬರೆಯಲಿಲ್ಲ. ಬರೆಯುವುದಾದರೆ ಮೊದಲು ನನಗೇ ಒಂದು ಬರೆಯಬೇಕಿತ್ತು.

ಹಾಗಾದರೆ ನಾನೇ ಮಾಡುತ್ತೇನೆ ಎಂದು ಕುಳಿತೆ. ಅನುವಾದ ನನಗೇನು ಹೊಸತಾ? ಕೋಳಿಜ್ವರವನ್ನೇ ಮಾಡಿದವನಿಗೆ ಒಂದು ಕೊಡೆ ಯಾವ ಲೆಕ್ಕ? ಹಾಡಿನ ಅರ್ಥ ಮೈತ್ರಿ ಮಲಯಾಳದಲ್ಲಿ ಹೇಳಿದಳು: ಮಳೆ ಬರುತ್ತಿದೆ, ಕೊಡೆ ಬಿಡಿಸು, ಗುಡ್ಡದ ಆಚೆ ಯಾರೋ ಕಾಯುತ್ತಿದ್ದಾರೆ, ಹೋಗೋಣ, ಹೋಗೋಣ. ಅರ್ಧ ಗಂಟೆಯಲ್ಲಿ ಮುಗಿಸಿ, ಕನ್ನಡಕ ಸರಿಮಾಡಿಕೊಂಡು ಓದಿದೆ:

"ಮಳೆಯು ಸುರಿಯುತ್ತಿರುವಾಗ ಕೊಡೆಯನ್ನು ಬಿಡಿಸತಕ್ಕದ್ದು, ಸದರಿ ಗುಡ್ಡದ ಆಚೆಗೆ ತಪ್ಪದೆ ಹಾಜರಾಗತಕ್ಕದ್ದು."

ಮೈತ್ರಿ ನನ್ನನ್ನೂ ಕಾಗದವನ್ನೂ ನೋಡಿದಳು. "ಅಪ್ಪಾ, ಇದು ಪಾಟ್ಟಾಣೋ, ನೋಟೀಸಾಣೋ?"

ಹಾಡೋ ನೋಟೀಸೋ! ಸುಮ ಮುಖಕ್ಕೆ ಸೆರಗು ಹಿಡಿದು ನಗುತ್ತಿದ್ದಳು. ತಪ್ಪು ನನ್ನದಲ್ಲ, ಸುಬ್ರಾಯ ಭಟ್ಟರದ್ದು. ತಿರುವನಂತಪುರದಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಅನುವಾದಕರು ಅವರು. "ತಕ್ಕದ್ದು ಇಲ್ಲದ ವಾಕ್ಯಕ್ಕೆ ಬೆನ್ನುಮೂಳೆ ಇಲ್ಲ ಮಾರಾಯ" ಎನ್ನುತ್ತಿದ್ದರು. ಅವರು ಹೆಂಡತಿಗೆ ಸಾಮಾನು ತರಲು ಚೀಟಿ ಬರೆದರೂ "ಎರಡು ಕಿಲೋ ಅಕ್ಕಿ ತರತಕ್ಕದ್ದು" ಎಂದೇ ಇರುತ್ತಿತ್ತು. ಅವರ ಕೈಕೆಳಗೆ ಪಳಗಿದ ನನಗೆ ಪ್ರೇಮಪತ್ರ ಬರೆಯುವ ಸಂದರ್ಭ ಬರಲಿಲ್ಲ, ಸುಮನ ಪುಣ್ಯ.

ಎರಡನೇ ಸಲ ಎಚ್ಚರಿಕೆಯಿಂದ ಬರೆದೆ. ಮುಗಿಲು ಬಂತು, ಒಲವು ಬಂತು, ಎದೆಯಾಳ ಬಂತು. ಕೊಡೆಯೇ ಬಿಟ್ಟುಹೋಯಿತು. "ಇದು ರೇಡಿಯೋದಲ್ಲಿ ಬರುವ ಹಾಗುಂಟು, ಹಾಕಿದರೆ ಮಕ್ಕಳು ಮಲಗ್ತಾವೆ," ಎಂದಳು ಸುಮ. ಮೂರನೆಯದರಲ್ಲಿ ಭಟ್ಟರನ್ನೂ ಬಿಟ್ಟೆ, ಮುಗಿಲನ್ನೂ ಬಿಟ್ಟೆ. "ಬಂತು ಮಳೆ, ಬಿಡಿಸು ಕೊಡೆ, ಗುಡ್ಡದಾಚೆ ಯಾರೊ ಇದ್ದಾರೆ." ಮೈತ್ರಿ ಬಾಯೊಳಗೇ ಗುನುಗಿ ನೋಡಿ, "ಕೊಳ್ಳಾಂ," ಎಂದಳು. ಪರವಾಗಿಲ್ಲ ಅಂತ. ಹೊಗಳಿಕೆಯೂ ಮಲಯಾಳದಲ್ಲೇ.

ಕಷ್ಟ ಬಂದದ್ದು "ಹೋಗೋಣ"ದಲ್ಲಿ. ಆ ಮಾತು ಬರುವಾಗ ಕೊಡೆಯ ಹುಡುಗಿ ಬಾಯಿ ಇಷ್ಟಗಲ ತೆರೆದು ಸ್ವರ ಎಳೆಯುತ್ತಾಳೆ. ಮಲಯಾಳದಲ್ಲಿ "ಪೋಕಾಂ" ಎಂದು ಮಾಡಿದ್ದಾರೆ, ತಮಿಳು, ತೆಲುಗಿನವರೂ ಹಾಗೆಯೇ. ಕೊನೆಗೊಂದು ಮ್ ಬಂದು ಎಲ್ಲರ ತುಟಿ ಮುಚ್ಚುತ್ತದೆ, ಪರದೆಯ ಮೇಲೆ ಅವಳ ಬಾಯಿ ಇನ್ನೂ ತೆರೆದೇ ಇರುತ್ತದೆ. ಅದನ್ನು ನೋಡಿದಾಗ ನನಗೆ ಒಂದು ಮಾತು ಹೊಳೆಯಿತು. ಕನ್ನಡದ ಶಬ್ದಗಳು ಬಾಯಿ ತೆರೆದೇ ಮುಗಿಯುತ್ತವೆ! ಬಸ್ಸು, ಫೈಲು, ಟೇಬಲ್ಲು. ಮಲಯಾಳಿಗಳದ್ದು ಅರ್ಧ ಉಕಾರ, ತುಟಿ ಬಿರಿಯುವ ಮೊದಲೇ ಮುಗಿದಿರುತ್ತದೆ. ನನ್ನ ಪೂರ್ತಿ ಉಕಾರ ಕೇಳಿ ಆಫೀಸಿನಲ್ಲಿ ಇಷ್ಟು ವರ್ಷ ನಕ್ಕಿದ್ದಾರೆ. "ಸಾರ್, ಟೇಬಲ್ಲೂಊ" ಎಂದು ಅಣಕಿಸಿದ್ದಾರೆ. ಜಪಾನಿನವರು ಟೇಬಲಿಗೆ ಏನನ್ನುತ್ತಾರೆ ಗೊತ್ತುಂಟಾ? ಮೈತ್ರಿಯೇ ಹೇಳಿದ್ದು. "ಟೇಬುರು!" ಬಸ್ಸಿಗೆ "ಬಸು", ಮಿಲ್ಕಿಗೆ "ಮಿರುಕು". ಟೇಬುರು ಎನ್ನುವ ಜಪಾನಿಗೆ ಜಗತ್ತೆಲ್ಲ ಕೈಮುಗಿಯುವುದು, ಟೇಬಲ್ಲು ಎನ್ನುವ ನನಗೆ ನಗಾಡುವುದು! ಈ ಹಾಡು ನ್ಯಾಯವಾಗಿ ಎಲ್ಲರಿಗಿಂತ ಮೊದಲು ಕನ್ನಡಕ್ಕೆ ಬರಬೇಕಿತ್ತು.

ಸಿಟ್ಟಿನಲ್ಲಿ ಒಂದು ತಟ್ಟೆ ಅವಲಕ್ಕಿ ತಿಂದೆ. ಆದರೆ ಶಬ್ದ ಸಿಗಲಿಲ್ಲ. "ಹೋಗೋಣ"ವನ್ನು ಎಳೆದರೆ "ಹೋಗೋಣಾ?" ಎಂದು ಪ್ರಶ್ನೆಯಾಗುತ್ತದೆ, ಕೊಡೆ ಬೇಡ ಎಂದರೂ ಎನ್ನಬಹುದು. "ನಡೇ" ಎಂದರೆ ಮನೆಯಿಂದ ಹೊರಹಾಕಿದ ಹಾಗೆ. ಮೂರು ದಿನ ಕಾಕ್ಕನಾಡಿನಿಂದ ಎರ್ನಾಕುಲಕ್ಕೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡು ಬಾಯಿ ಅಗಲಿಸಿ ಅಗಲಿಸಿ ನೋಡಿದೆ. ಪಕ್ಕದಲ್ಲಿ ನಿಂತವರು ಹಲ್ಲುನೋವಾ ಎಂದು ಕೇಳಿದರು.

ನಾಲ್ಕನೇ ದಿನ ಸಂಜೆ ನಾನೂ ಮೈತ್ರಿಯೂ ಹಾಳೆ ಹಿಡಿದು ಕುಳಿತಿದ್ದೆವು. ಜಪಾನಿಯಲ್ಲಿ ಆ ಶಬ್ದ ಏನು ಎಂದು ಕೇಳಿದೆ.

"ಇಕೋ," ಎಂದಳು.

ಅಷ್ಟು ಹೊತ್ತಿಗೆ ಸುಮ ದೋಸೆಯ ತಟ್ಟೆ ಹಿಡಿದುಕೊಂಡು ಬಂದು ಮಗಳ ಎದುರು ಚಾಚಿದಳು. "ಇಕೋ, ಬಿಸಿ ಇರುವಾಗ ತಿನ್ನು."

ಸುಮ ಮಂಗಳೂರಿನ ಕಡೆಯವಳು. ಏನನ್ನು ಕೊಡುವಾಗಲೂ ಅವಳು ಹಾಗೆಯೇ ಹೇಳುವುದು, ಅವಳ ಅಮ್ಮನೂ ಹಾಗೆಯೇ. ಇಕೋ, ಅಂದರೆ ಇಗೋ, ತಗೋ, ಇಲ್ಲಿ ನೋಡು. ಹಳೆಯ ಕಾವ್ಯಗಳಲ್ಲೂ ಇರುವ ಶಬ್ದ. ನಾನೂ ಮೈತ್ರಿಯೂ ಮುಖ ಮುಖ ನೋಡಿಕೊಂಡೆವು. ಅವಳ ಕಣ್ಣು ಆ ಕಾರ್ಟೂನಿನವರ ಕಣ್ಣಿನಷ್ಟೇ ಆಯಿತು.

"ಇಕೋ... ಇಕೋ... ಬಂದೆವು!" ಎಂದು ನಾನು ರಾಗ ಎಳೆದೆ. ಅದೇ ಸ್ವರ, ಅದೇ ಬಾಯಿ, ಅರ್ಥವೂ ಉಂಟು. ಹೋಗೋಣ ಅನ್ನುವುದಕ್ಕಿಂತ ಒಂದು ಕೈ ಮೇಲೆಯೇ. ಗುಡ್ಡದಾಚೆ ಕಾಯುತ್ತಿರುವವರಿಗೆ, ಇಕೋ, ಇಲ್ಲಿ ನೋಡಿ, ಬಂದೆವು ಅಂತ! ಮೈತ್ರಿ ದೋಸೆ ಬಿಟ್ಟು ಮನೆಯೆಲ್ಲ ಹಾಡಿಕೊಂಡು ತಿರುಗಿದಳು. ನಿಮ್ಮಿಯೂ ಒಪ್ಪಿದಳು. ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ ತೆಲುಗಿಗೆ ಗೀಟು ಬಿತ್ತು, ಕನ್ನಡ ಬಂತು. ನಾನು ಕಚೇರಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ, ಕಾರಣ ಹೇಳಲಿಲ್ಲ.

ವಾರ್ಷಿಕೋತ್ಸವದ ಹಿಂದಿನ ದಿನದ ರಿಹರ್ಸಲಿನಲ್ಲಿ ನಿಮ್ಮಿಗೆ ಸಮಯ ಸಾಲಲಿಲ್ಲ. ಹಾಡಿನ ಟ್ರ್ಯಾಕ್ ಇರುವುದು ಮೂರು ನಿಮಿಷ, ಭಾಷೆಗಳು ಎಂಟು. ಹಾಗಾಗಿ ಹಾಡಿನ ಸಾಲುಗಳನ್ನೆಲ್ಲ ಎಲ್ಲರೂ ಒಟ್ಟಿಗೆ ಜಪಾನಿಯಲ್ಲಿ ಹಾಡುವುದು, ಕೊನೆಯ "ಹೋಗೋಣ, ಹೋಗೋಣ" ಮಾತ್ರ ಒಂದೊಂದು ಸಲ ಒಂದೊಂದು ಮಗು ತನ್ನ ಭಾಷೆಯಲ್ಲಿ ಎರಡೇ ಸಲ ಹೇಳುವುದು ಎಂದು ಅವಳು ಕತ್ತರಿ ಹಾಕಿದಳು. ನನ್ನ ಮಳೆ ಹೋಯಿತು, ಕೊಡೆ ಹೋಯಿತು, "ಬಂದೆವು" ಕೂಡ ಹೋಯಿತು. ಉಳಿದದ್ದು ಇಕೋ, ಇಕೋ. ಜಗಳಕ್ಕೆ ಹೊರಟ ನನ್ನನ್ನು ಸುಮ ಅಂಗಿ ಹಿಡಿದು ಕೂರಿಸಿದಳು. "ಒಂದು ಶಬ್ದವಾದರೂ ನಿಮ್ಮದೇ ಅಲ್ವಾ? ಸುಮ್ಮನಿರಿ."

ಭಾನುವಾರ ಸಂಜೆ ಐದು ಗಂಟೆಗೆ ಕೆಳಗಿನ ಹಾಲ್ ತುಂಬಿತ್ತು. ನಾನು ಎದುರಿನ ಸಾಲಿನಲ್ಲೇ ಕುಳಿತೆ. ನಮ್ಮ ಫ್ಲ್ಯಾಟಿನಲ್ಲೇ ಇರುವ ಬಂಗಾಳಿ ಮ್ಯಾನೇಜರರೊಬ್ಬರ ಮಗ ಬಂಗಾಳಿಯಲ್ಲಿ ಹೇಳಿದ, ಅವನಿಗೂ ಅಪ್ಪನೇ ಬರೆದುಕೊಟ್ಟದ್ದಂತೆ. ಚಪ್ಪಾಳೆ. "ಚಲೋ, ಚಲೋ!" ಚಪ್ಪಾಳೆ. "ಪೋಕಾಂ, ಪೋಕಾಂ!" ಹಾಲ್ ಹಾರಿಹೋಗುವಷ್ಟು ಚಪ್ಪಾಳೆ. ಕೊನೆಗೆ ಮೈತ್ರಿ ಬಂದಳು. ಬಾಯಿ ಇಷ್ಟಗಲ ತೆರೆದು, "ಇಕೋ... ಇಕೋ..." ಎಂದು ಎಳೆದಳು. ಒಂದು ಚೂರೂ ತಪ್ಪಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು. ಚಪ್ಪಾಳೆ ಹೊಡೆಯಲು ಕೈ ಎತ್ತಿದೆ, ನೋಡಿದರೆ ಹೊಡೆದವರು ನಾನೂ ಸುಮನೂ ಇಬ್ಬರೇ. ಉಳಿದವರು ಇನ್ನೂ ಕಾಯುತ್ತಿದ್ದರು.

ನಿರೂಪಣೆ ಮಾಡುತ್ತಿದ್ದ ಚೂಡಿದಾರದ ಹೆಂಗಸು, ಅಸೋಸಿಯೇಷನ್ನಿನ ಕಾರ್ಯದರ್ಶಿ, ಮೈಕು ತೆಗೆದುಕೊಂಡು ನಗುತ್ತ ಮಲಯಾಳದಲ್ಲಿ ಹೇಳಿದರು: "ಕನ್ನಡದಲ್ಲಿ ಈ ಹಾಡು ಇಲ್ಲದ ಕಾರಣ ನಮ್ಮ ಮೈತ್ರಿ ಜಪಾನಿಯಲ್ಲೇ ಹಾಡಿದ್ದಾಳೆ. ಪಾಪ ಮಗು, ಅವಳಿಗೂ ಒಂದು ಚಪ್ಪಾಳೆ ಕೊಡಿ."

ಪಾಪ ಮಗು! ನನಗೆ ಮೈಯೆಲ್ಲ ಉರಿ ಎದ್ದಿತು. ಇಷ್ಟು ದಿನದ ಒದ್ದಾಟ, ಇಡೀ ಹಾಡು ಹೋಗಿ ಉಳಿದ ಒಂದೇ ಶಬ್ದ, ಅದೂ ಜಪಾನಿಗೇ ಹೋಯಿತು! ನಾನು ಕುರ್ಚಿಯಿಂದ ಎದ್ದೆ. ಏನು ಹೇಳಬೇಕೆಂದು ನನಗೆ ಎಂದಿನಂತೆ ಇನ್ನೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಮೈತ್ರಿ ಅವರ ಕೈಯಿಂದ ಮೈಕು ಕಸಿದುಕೊಂಡಳು. ಮುಖ ಕೆಂಪಾಗಿತ್ತು.

"ಅಲ್ಲ! ಅದು ಜಪಾನಿ ಅಲ್ಲ, ಕನ್ನಡ! ನಮ್ಮ ಮನೆಯಲ್ಲಿ ಅಮ್ಮ ದಿನಾ ಹೇಳುದು. ಗೊತ್ತಿಲ್ಲದಿದ್ರೆ ಕೇಳ್ಬೇಕು, ಸುಮ್ಮನೆ ಬಾಯಿಗೆ ಬಂದದ್ದು ಹೇಳುದಾ?"

ಕನ್ನಡದಲ್ಲಿ. ಒಂದು ಮಲಯಾಳ ಶಬ್ದ ಇಲ್ಲ, ಒಂದು ಇಂಗ್ಲಿಷ್ ಶಬ್ದ ಇಲ್ಲ, ಎಲ್ಲಿಯೂ ತಡವರಿಸಲಿಲ್ಲ. ಯಾರೂ ಬರೆದುಕೊಟ್ಟದ್ದೂ ಅಲ್ಲ. ಸುಮ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಗುರು ನಾಟಿತು.

ಹಾಲಿನಲ್ಲಿ ಒಬ್ಬರಿಗೂ ಅರ್ಥವಾಗಲಿಲ್ಲ. ಬೈದಳು ಅಂತ ಮಾತ್ರ ಎಲ್ಲರಿಗೂ ಗೊತ್ತಾಯಿತು. ನಿಮ್ಮಿ ವೇದಿಕೆಯ ಅಂಚಿಗೆ ಬಂದು ಬಗ್ಗಿ, "ಅಂಕಿಳೇ, ಅವಳ್ ಎಂದಾ ಪರಞ್ಞದು?" ಎಂದು ಕೇಳಿದಳು. ಏನು ಹೇಳಿದಳು ಅವಳು? ಕಾರ್ಯದರ್ಶಿಯೂ ನನ್ನ ಕಡೆ ತಿರುಗಿದರು, ಇಡೀ ಹಾಲ್ ತಿರುಗಿತು.

ಅನುವಾದ ನನ್ನ ಕೆಲಸವೇ. ಆದರೆ ಅವತ್ತು ಭಾನುವಾರ, ನನಗೆ ರಜೆ.